ಫೋಲ್ಡರ್ ಕಾಣುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮುನ್ನ ಇಷ್ಟು ನೋಡಿ

ಪೆನ್‌ಡ್ರೈವ್ ಹಾಕಿದರೆ ಒಳಗೆ ಏನೂ ಇಲ್ಲ, ಅಥವಾ ಫೋಲ್ಡರುಗಳಿದ್ದ ಜಾಗದಲ್ಲಿ ಅವೇ ಹೆಸರಿನ ಶಾರ್ಟ್‌ಕಟ್‌ಗಳು ಕೂತಿವೆ. ಇಲ್ಲವೇ ನಿನ್ನೆ ತನಕ ತುಂಬಿದ್ದ ಡೆಸ್ಕ್‌ಟಾಪ್ ಇವತ್ತು ಬಿಕೋ ಎನ್ನುತ್ತಿದೆ. ಇಂಥ ಹೊತ್ತಿನಲ್ಲಿ ಗಾಬರಿಬಿದ್ದು ಮಾಡುವ ಕೆಲಸಗಳೇ ಹೆಚ್ಚು ನಷ್ಟ ತರುತ್ತವೆ. ಫೈಲ್ ಅಳಿಸಿಹೋಗಿದೆಯೋ ಕಣ್ಣಿಗೆ ಬೀಳುತ್ತಿಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ಅದಕ್ಕೆ ಒಂದೇ ನಿಮಿಷ ಸಾಕು. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ದಿಸ್ ಪಿಸಿ ತೆರೆದು, ಆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಒತ್ತಿ. ಯೂಸ್ಡ್ ಸ್ಪೇಸ್ ಎಷ್ಟಿದೆ ನೋಡಿ. ಒಳಗೆ ಏನೂ ಕಾಣದೆ, ಬಳಕೆ ಮಾತ್ರ 6 ಜಿಬಿ ಎಂದು ತೋರಿಸುತ್ತಿದ್ದರೆ ಫೈಲುಗಳು ಅಲ್ಲೇ ಇವೆ, ಅಡಗಿವೆ ಅಷ್ಟೆ. (16 ಜಿಬಿ ಎಂದು ಬರೆದ ಪೆನ್‌ಡ್ರೈವ್ ಒಟ್ಟು 14.9ರ ಆಸುಪಾಸು ತೋರಿಸುವುದು ಸಹಜ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.) ಬಳಕೆ ಸೊನ್ನೆಯ ಹತ್ತಿರವಿದ್ದರೆ ಫೈಲ್ ನಿಜಕ್ಕೂ ಹೋಗಿದೆ. ಆ ಡ್ರೈವ್‌ಗೆ ಇನ್ನೇನನ್ನೂ ಕಾಪಿ ಮಾಡದೆ ಪಕ್ಕಕ್ಕಿಟ್ಟು, ರಿಕವರಿ ತಂತ್ರಾಂಶದ ದಾರಿ ಹಿಡಿಯಬೇಕು. ಮರಳಿ ಸಿಕ್ಕ ಫೈಲುಗಳನ್ನು ಬೇರೆ ಡ್ರೈವ್‌ನಲ್ಲೇ ಉಳಿಸಬೇಕು. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಶಾರ್ಟ್‌ಕಟ್ ವೈರಸ್

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವ್‌ಗಳಲ್ಲಿ ಇದು ಹಳೆಯ ಕಾಯಿಲೆ. ವೈರಸ್ ನಿಮ್ಮ ಫೋಲ್ಡರಿಗೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುರುತು ಹಚ್ಚಿ ಮರೆಮಾಡುತ್ತದೆ. ಅದರ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಫೋಲ್ಡರ್ ತೆರೆಯಿತಲ್ಲ ಎಂದು ಜನ ಸುಮ್ಮನಾಗುವುದೇ ಅದಕ್ಕೆ ಬೇಕಾದದ್ದು. ಹಾಗಾಗಿ ಆ ಶಾರ್ಟ್‌ಕಟ್‌ಗಳನ್ನು ಒಮ್ಮೆಯೂ ಒತ್ತಬೇಡಿ.

ಮೊದಲು ಅಡಗಿದ್ದನ್ನು ಕಣ್ಣಿಗೆ ಕಾಣುವಂತೆ ಮಾಡಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ ವ್ಯೂ, ಅದರೊಳಗೆ ಶೋ, ಅದರೊಳಗೆ ಹಿಡನ್ ಐಟಮ್ಸ್. ವಿಂಡೋಸ್ 10ರಲ್ಲಿ ವ್ಯೂ ಟ್ಯಾಬ್‌ನಲ್ಲೇ ಹಿಡನ್ ಐಟಮ್ಸ್ ಚೌಕ ಇದೆ. ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸಿ, ‘ಮಾಡಿ ನೋಡಿದೆ, ಏನೂ ಬರಲಿಲ್ಲ’ ಎನ್ನುತ್ತಾರೆ. ಸಿಸ್ಟಮ್ ಗುರುತೂ ಇರುವ ಫೋಲ್ಡರ್ ಈ ಟಿಕ್‌ಗೆ ಬಗ್ಗುವುದಿಲ್ಲ. ಆಪ್ಷನ್ಸ್ ತೆರೆದು (11ರಲ್ಲಿ ಇದು ಮೂರು ಚುಕ್ಕಿಯ ಕೆಳಗಿದೆ), ವ್ಯೂ ಟ್ಯಾಬ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಟಿಕ್ ತೆಗೆಯಿರಿ. ಎಚ್ಚರಿಕೆಯ ಕಿಟಕಿ ಬಂದರೆ ಯೆಸ್ ಕೊಡಿ. ಈಗ ಫೋಲ್ಡರುಗಳು ಮಸುಕಾಗಿ ಕಾಣಬೇಕು.

ಮಸುಕು ಹೋಗಿಸಲು ಪ್ರಾಪರ್ಟೀಸ್‌ನಲ್ಲಿ ಹಿಡನ್ ಟಿಕ್ ತೆಗೆಯಲು ಹೋದರೆ ಆ ಚೌಕ ಬೂದು ಬಣ್ಣದಲ್ಲಿ ಜಡವಾಗಿರುತ್ತದೆ. ಅದಕ್ಕೂ ಸಿಸ್ಟಮ್ ಗುರುತೇ ಕಾರಣ. ಇಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಟೈಪಿಸಿ ಕೊಡುವ ಕಪ್ಪು ಕಿಟಕಿ) ಬೇಕೇ ಬೇಕು. ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ ತೆರೆಯಿರಿ. ದಿಸ್ ಪಿಸಿಯಲ್ಲಿ ಪೆನ್‌ಡ್ರೈವ್ ಹೆಸರಿನ ಪಕ್ಕ ಕಾಣುವ ಅಕ್ಷರ ‘ಇ’ ಆಗಿದ್ದರೆ ಇ ಮತ್ತು ಕೋಲನ್ ಟೈಪಿಸಿ ಎಂಟರ್ ಒತ್ತಿ. ಆಮೇಲೆ ಈ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ:

ಅಟ್ರಿಬ್ -ಎಚ್ -ಆರ್ -ಎಸ್ /ಎಸ್ /ಡಿ *.*

ಮೊದಲ ಪದಕ್ಕೆ ಎ, ಟಿ, ಟಿ, ಆರ್, ಐ, ಬಿ ಅಕ್ಷರಗಳು. ಪ್ರತಿ ತುಣುಕಿನ ನಡುವೆ ಒಂದು ಸ್ಪೇಸ್. ಮೈನಸ್ ಇರುವವು ಹಿಡನ್, ರೀಡ್ ಓನ್ಲಿ, ಸಿಸ್ಟಮ್ ಗುರುತುಗಳನ್ನು ಕಿತ್ತುಹಾಕುತ್ತವೆ. ಸ್ಲ್ಯಾಶ್ ಎಸ್ ಒಳಗಿನ ಫೋಲ್ಡರುಗಳಿಗೂ ಇಳಿಯುತ್ತದೆ, ಸ್ಲ್ಯಾಶ್ ಡಿ ಫೋಲ್ಡರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬರೀ ಎಚ್ ಒಂದನ್ನೇ ಕೊಟ್ಟರೆ ‘ನಾಟ್ ರೀಸೆಟಿಂಗ್ ಸಿಸ್ಟಮ್ ಫೈಲ್’ ಎಂದು ಕೈಚೆಲ್ಲುತ್ತದೆ, ಎಚ್ ಮತ್ತು ಎಸ್ ಎರಡೂ ಒಟ್ಟಿಗೆ ಇರಬೇಕು. ಕನ್ನಡದ ಹೆಸರುಗಳು ಆ ಕಪ್ಪು ಕಿಟಕಿಯಲ್ಲಿ ಚೌಕಚೌಕವಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕಿಟಕಿಯ ಫಾಂಟ್‌ನ ಕೊರತೆ, ಆಜ್ಞೆ ಸರಿಯಾಗಿಯೇ ನಡೆಯುತ್ತದೆ.

ಡ್ರೈವ್ ಅಕ್ಷರವನ್ನು ಎರಡು ಸಲ ನೋಡಿಕೊಳ್ಳಿ. ಈ ಆಜ್ಞೆಯನ್ನು ಸಿ ಡ್ರೈವ್‌ನಲ್ಲಿ ಓಡಿಸಲೇಬಾರದು. ವಿಂಡೋಸ್ ಬೇಕೆಂದೇ ಅಡಗಿಸಿಟ್ಟ ಫೈಲುಗಳೆಲ್ಲ ಬಯಲಿಗೆ ಬಂದು, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳು ತಮ್ಮ ವಿಶೇಷ ಐಕಾನ್ ಕಳೆದುಕೊಳ್ಳಬಹುದು.

ಈಗಲೂ ಫೋಲ್ಡರುಗಳು ಕಾಣದಿದ್ದರೆ ಹೆಸರೇ ಇಲ್ಲದ ಒಂದು ಫೋಲ್ಡರ್ ಇದೆಯೇ ನೋಡಿ. ವೈರಸ್‌ನ ಕೆಲವು ತಳಿಗಳು ಎಲ್ಲವನ್ನೂ ಅಂಥದೊಂದರೊಳಗೆ ತುರುಕಿರುತ್ತವೆ. ಅದನ್ನು ತೆರೆದು, ಒಳಗಿನದನ್ನು ಕಟ್ ಮಾಡಿ ಹೊರಗೆ ಪೇಸ್ಟ್ ಮಾಡಿದರಾಯಿತು. ಆಮೇಲೆ ಡೀಟೇಲ್ಸ್ ವ್ಯೂಗೆ ಬದಲಿಸಿ, ಟೈಪ್ ಎಂಬ ತಲೆಬರಹ ಒತ್ತಿದರೆ ಶಾರ್ಟ್‌ಕಟ್‌ಗಳೆಲ್ಲ ಒಂದೆಡೆ ಸೇರುತ್ತವೆ. ಅವನ್ನೂ, ನೀವು ಹಾಕದ ವಿಬಿಎಸ್, ಜೆಎಸ್ ಸ್ಕ್ರಿಪ್ಟ್ ಫೈಲುಗಳನ್ನೂ ಅಳಿಸಿ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಎಂಬುದು ವಿಂಡೋಸ್‌ನದೇ, ಅದರ ಪಾಡಿಗೆ ಅದು ಇರಲಿ.

ಅಳಿಸಿದ ಕೆಲವೇ ಸೆಕೆಂಡುಗಳಲ್ಲಿ ಶಾರ್ಟ್‌ಕಟ್‌ಗಳು ಮತ್ತೆ ಹುಟ್ಟಿಕೊಂಡವೇ? ಹಾಗಾದರೆ ರೋಗ ನಿಮ್ಮ ಕಂಪ್ಯೂಟರಿಗೇ ಅಂಟಿದೆ, ಪೆನ್‌ಡ್ರೈವ್ ತೊಳೆದು ಫಲವಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪಟ್ಟಿ ನೋಡಿ. ಮನೆಯ ಕಂಪ್ಯೂಟರಿನಲ್ಲಿ ಅಲ್ಲಿ ‘ಮೈಕ್ರೋಸಾಫ್ಟ್ ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್’ ಕಂಡರೆ ಅನುಮಾನಪಡಿ, ಡಿಸೇಬಲ್ ಮಾಡಿ. ಬಳಿಕ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ಅದು ಮುಗಿದ ಮೇಲೆ ಪೆನ್‌ಡ್ರೈವ್ ಶುಚಿ ಮಾಡಿ. ಎಲ್ಲ ಆದ ನಂತರ ಸಿಸ್ಟಮ್ ಫೈಲುಗಳ ಟಿಕ್ ಮರಳಿ ಹಾಕಲು ಮರೆಯಬೇಡಿ.

‘ಯು ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್’ ಎಂದು ಬಂದರೆ ಅದು ಬೇರೆಯೇ ಸಮಸ್ಯೆ, ಡ್ರೈವ್‌ನ ಒಳ ರಚನೆ ಕೆಟ್ಟಿದೆ. ಕ್ಯಾನ್ಸಲ್ ಒತ್ತಿ, ಬೇರೆ ಪೋರ್ಟ್‌ನಲ್ಲಿ, ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ತೆರೆದುಕೊಂಡರೆ ಮೊದಲು ಎಲ್ಲ ಕಾಪಿ ಮಾಡಿಕೊಳ್ಳಿ, ರಿಪೇರಿ ಆಮೇಲೆ.

ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋ

ಡೆಸ್ಕ್‌ಟಾಪ್ ಪೂರ್ತಿ ಖಾಲಿಯಾಗಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಟಿಕ್ ಇದೆಯೇ ನೋಡಿ. ರೈಟ್ ಕ್ಲಿಕ್ಕೇ ಆಗುತ್ತಿಲ್ಲವೆಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿ ರೀಸ್ಟಾರ್ಟ್ ಕೊಡಿ. ಕೆಲವು ಫೈಲುಗಳಷ್ಟೇ ಮಾಯವಾಗಿದ್ದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಕಡೆ ನೋಡಬೇಕು. ಅದರ ಬ್ಯಾಕಪ್ ಚಾಲೂ ಆದಾಗ ಡೆಸ್ಕ್‌ಟಾಪ್ ಫೋಲ್ಡರನ್ನೇ ಒನ್‌ಡ್ರೈವ್ ಫೋಲ್ಡರಿನೊಳಗೆ ಸಾಗಿಸುತ್ತದೆ. ಬ್ಯಾಕಪ್ ನಿಲ್ಲಿಸಿದಾಗ ಫೈಲುಗಳು ಅಲ್ಲೇ ಉಳಿದು, ಹಳೆಯ ಡೆಸ್ಕ್‌ಟಾಪ್ ಬರಿದಾಗಿ ಕಾಣುವುದುಂಟು. ಒನ್‌ಡ್ರೈವ್ ಒಳಗಿನ ಡೆಸ್ಕ್‌ಟಾಪ್ ಫೋಲ್ಡರ್ ತೆರೆದರೆ ಸಿಗುತ್ತವೆ. ಮೋಡದ ಗುರುತಿರುವ ಫೈಲ್ ತೆರೆಯಲು ಇಂಟರ್ನೆಟ್ ಬೇಕು.

ಡೌನ್‌ಲೋಡ್ಸ್‌ನ ತೊಂದರೆ ಬಹಳ ಸಣ್ಣದು, ಆದರೆ ಎಲ್ಲರನ್ನೂ ಸತಾಯಿಸುತ್ತದೆ. ಅದು ಫೈಲುಗಳನ್ನು ಟುಡೇ, ಯೆಸ್ಟರ್ಡೇ ಎಂದು ಗುಂಪು ಕಟ್ಟಿ ತೋರಿಸುತ್ತದೆ. ಗುಂಪಿನ ತಲೆಬರಹದ ಬಾಣ ತಪ್ಪಿ ಒತ್ತಿದರೆ ಆ ದಿನದ್ದೆಲ್ಲ ಮಡಚಿಕೊಳ್ಳುತ್ತದೆ. ರೈಟ್ ಕ್ಲಿಕ್, ಗ್ರೂಪ್ ಬೈ, ನನ್ ಎಂದು ಕೊಟ್ಟರೆ ಸರಳ ಪಟ್ಟಿ ಬರುತ್ತದೆ.

ಫೋಟೋಗಳ ಬದಲು ಬರೀ ಐಕಾನ್ ಕಂಡರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್’ ಟಿಕ್ ತೆಗೆಯಿರಿ. ಒಂದು ಫೋಟೋಗೆ ಇನ್ನೊಂದರ ಚಿತ್ರ ಬರುತ್ತಿದ್ದರೆ ಸ್ಟಾರ್ಟ್‌ನಲ್ಲಿ ಡಿಸ್ಕ್ ಕ್ಲೀನಪ್ ಹುಡುಕಿ ತೆರೆದು, ಥಂಬ್‌ನೇಲ್ಸ್ (ಫೋಟೋಗಳ ಪುಟ್ಟ ಮುನ್ನೋಟಗಳು) ಒಂದನ್ನೇ ಆರಿಸಿ ಅಳಿಸಿ. ಮೂಲ ಫೋಟೋಗಳಿಗೆ ಏನೂ ಆಗುವುದಿಲ್ಲ.

ಕನ್ನಡ ಕಡತದ ಕಥೆ ಬೇರೆ. ಹಳೆಯ ವರ್ಡ್ ಫೈಲ್ ತೆರೆದಾಗ ಅಕ್ಷರಗಳ ಬದಲು ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಕಂಡರೆ ಫೈಲ್ ಹಾಳಾಗಿಲ್ಲ. ಅದು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ನಡೆಯುವ ಅಕ್ಷರ ಸಂಕೇತ) ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಾದದ್ದು. ಇಡೀ ಪಠ್ಯ ಆಯ್ದುಕೊಂಡು ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ, ಅದೇ ಫಾಂಟ್ ಹಾಕಿಕೊಳ್ಳಿ, ಕನ್ನಡ ತಾನೇ ಬರುತ್ತದೆ. ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡರೆ ಮುಂದೆ ಈ ಪಾಡಿಲ್ಲ. ಆದರೆ ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟು, ಹಾಗಾಗಿ ಮೂಲ ಫೈಲನ್ನು ಅಳಿಸದೆ ಜೊತೆಗಿಟ್ಟುಕೊಳ್ಳಿ.