ಪಾಂಗಾಂಗ್ ನೋಡಬೇಕಾ? ಮೊದಲು ಲೇಹ್‌ನಲ್ಲಿ ಎರಡು ದಿನ ಸುಮ್ನೆ ಮಲಗಿ

ಲೇಹ್‌ನಿಂದ ಪಾಂಗಾಂಗ್ ಸರೋವರಕ್ಕೆ ಹೋಗುವ ದಾರಿಯಲ್ಲಿ ಚಾಂಗ್ ಲಾ ಎಂಬ ಘಾಟಿ ಹತ್ತುವಾಗ ನನ್ನ ಬ್ಯಾಗಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಡ್ರೈವರ್ ಅದನ್ನು ನೋಡಿ ನಕ್ಕು, 'ನಿಮ್ಮ ತಲೆಯೊಳಗೂ ಇದೇ ನಡೀತಿದೆ' ಎಂದ. ಅವನು ತಮಾಷೆಗೆ ಹೇಳಿದ್ದು. ಆದರೆ ಹೊರಗಿನ ಗಾಳಿಯ ಒತ್ತಡ ಕಡಿಮೆ ಆಗಿದ್ದಂತೂ ನಿಜ. ಆ ಎತ್ತರದಲ್ಲಿ ಸಮುದ್ರಮಟ್ಟದ ಅರ್ಧದಷ್ಟೇ ಒತ್ತಡ ಇರುತ್ತದೆ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ.

ಲಡಾಖಿನ ಪಾಂಗಾಂಗ್ ಸರೋವರ ಸುಮಾರು 4,250 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ಟರೂ ಸರೋವರ ಇನ್ನೂ ಮೇಲೇ ಇರುತ್ತದೆ. ಉದ್ದ 130 ಕಿ.ಮೀ.ಗೂ ಜಾಸ್ತಿ. ಸುಮಾರು ಮೂರನೇ ಒಂದು ಭಾಗ ನಮ್ಮ ಕಡೆ, ಉಳಿದದ್ದು ಟಿಬೆಟ್ ಕಡೆ. ನೀರು ಉಪ್ಪುಪ್ಪು. ಆದರೂ ಚಳಿಗಾಲದಲ್ಲಿ ಇಡೀ ಸರೋವರ ಹೆಪ್ಪುಗಟ್ಟುತ್ತದೆ. ಹಾಗಾಗಿ ಮೊದಲ ಸಲ ಹೋಗುವವರಿಗೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿ.

ಲೇಹ್‌ನಲ್ಲಿ ಏನೂ ಮಾಡಬೇಡಿ

ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಲೇಹ್ 3,500. ದೆಹಲಿಯಲ್ಲಿ ವಿಮಾನ ಬದಲಿಸಿ ಬೆಳಿಗ್ಗೆಯೇ ಲೇಹ್‌ನಲ್ಲಿ ಇಳಿಯುತ್ತೀರಿ. ಒಂದೆರಡು ಗಂಟೆ ಏನೂ ಅನಿಸುವುದಿಲ್ಲ. ಮೋಸ ಹೋಗುವುದೇ ಇಲ್ಲಿ. ಮೊದಲ ಸಲ ಹೋದಾಗ 'ನಂಗೇನೂ ಆಗಿಲ್ಲ' ಎಂದು ಮಧ್ಯಾಹ್ನವೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದೆ. ರಾತ್ರಿ ಹತ್ತಕ್ಕೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು, ನಿದ್ದೆ ಇಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನಾನೇ.

ಆದ್ದರಿಂದ ಎರಡು ದಿನ ಪೂರ್ತಿ ರೆಸ್ಟ್. ಮೊದಲ ದಿನ ರೂಮಿನಲ್ಲೇ ಇರಿ. ಎರಡನೇ ದಿನ ಸಂಜೆ ಮಾರ್ಕೆಟ್‌ವರೆಗೆ ನಿಧಾನವಾಗಿ ನಡೆದು ಬನ್ನಿ. ನೀರು ಕುಡಿಯುತ್ತಿರಿ. ಮದ್ಯ, ಸಿಗರೇಟು, ನಿದ್ದೆ ಮಾತ್ರೆ ಮೂರೂ ಬೇಡ. ಊಟ ಹಗುರ ಇರಲಿ, ಬಿಸಿ ತುಕ್ಪಾ (ಅಲ್ಲಿನ ನೂಡಲ್ಸ್ ಸೂಪು) ಸಾಕು.

ಡೈಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಹೊರಡುವ ಹಿಂದಿನ ದಿನದಿಂದ ತೆಗೆದುಕೊಳ್ಳುತ್ತಾರೆ. ಆದರೆ ಸಲ್ಫಾ ಔಷಧಿ ಒಗ್ಗದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅದು ಆಗದಿರಬಹುದು. ಊರಲ್ಲೇ ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರ ಚೀಟಿ ನೋಡಿ ನುಂಗಬೇಡಿ. ಹೃದಯದ, ಶ್ವಾಸಕೋಶದ ಕಾಯಿಲೆ ಇರುವವರು, ಗರ್ಭಿಣಿಯರು ಟಿಕೆಟ್ ಬುಕ್ ಮಾಡುವ ಮೊದಲೇ ಡಾಕ್ಟರ ಬಳಿ ಹೋಗಿಬರಬೇಕು.

ಕಾಗದ, ಸಿಮ್, ದುಡ್ಡು

ಪಾಂಗಾಂಗ್ ಗಡಿ ಪ್ರದೇಶ. ಆಧಾರ್‌ನಂಥ ಗುರುತಿನ ಚೀಟಿ ಕೈಯಲ್ಲಿರಲಿ. ಪರಿಸರ ಶುಲ್ಕವನ್ನು ಆನ್‌ಲೈನ್‌ನಲ್ಲೇ ಕಟ್ಟಬಹುದು. ಅನುಮತಿಯ ನಿಯಮ ಆಗಾಗ ಬದಲಾಗುವುದರಿಂದ ಹೋಟೆಲಿನವರನ್ನು ಕೇಳಿಕೊಳ್ಳಿ. ಎಲ್ಲದಕ್ಕೂ ಮೂರ್ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ, ಚೆಕ್‌ಪೋಸ್ಟ್‌ನಲ್ಲಿ ಬೇಕಾಗುತ್ತದೆ.

ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದಿದ್ದರೂ ಸರೋವರದ ಬಳಿ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಮನೆಯವರಿಗೆ ಹಿಂದಿನ ದಿನವೇ 'ನಾಳೆ ಫೋನ್ ಬರದಿದ್ರೆ ಗಾಬರಿ ಆಗಬೇಡಿ' ಎಂದು ಹೇಳಿಬಿಡಿ. ನಗದು ಲೇಹ್‌ನಲ್ಲೇ ತೆಗೆದುಕೊಳ್ಳಿ. ಟ್ಯಾಕ್ಸಿ ದರವನ್ನು ಅಲ್ಲಿನ ಯೂನಿಯನ್ ನಿಗದಿ ಮಾಡಿರುತ್ತದೆ. ಬೈಕಿನವರು ಕಾರು ಎಂಬ ಊರಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಮುಂದೆ ಹೋಗಿ.

ಇಳಿಯಬೇಕಾದರೂ ಹತ್ತಬೇಕು

ಲೇಹ್‌ನಿಂದ ಕಾರು, ಸಕ್ತಿ, ಚಾಂಗ್ ಲಾ, ದುರ್ಬುಕ್, ಟಾಂಗ್ಸೆ ದಾಟಿ ಲುಕುಂಗ್ ತಲುಪಿದರೆ ಸರೋವರ. ಸುಮಾರು 160 ಕಿ.ಮೀ., ಐದು ಗಂಟೆ ದಾರಿ. 'ಲಾ' ಅಂದರೆ ನಮ್ಮ ಘಾಟಿ ಇದ್ದ ಹಾಗೆ. ಚಾಂಗ್ ಲಾ ಎತ್ತರ ಸುಮಾರು 5,360 ಮೀಟರ್. ಅಲ್ಲಿ ಹತ್ತು-ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ಫೋಟೊಗಾಗಿ ಓಡಬೇಡಿ, ಮಂಜಿನಲ್ಲಿ ಕುಣಿಯಬೇಡಿ. ಒಂದು ಕಪ್ ಚಹಾ, ಒಂದು ಫೋಟೊ, ಹೊರಡಿ.

ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಪಾಂಗಾಂಗ್‌ನಿಂದ ಲೇಹ್‌ಗೆ ವಾಪಸ್ ಬರಲು ಮತ್ತೆ ಚಾಂಗ್ ಲಾ ಹತ್ತಲೇಬೇಕು. ಅಂದರೆ ಇಳಿಯುವ ಮೊದಲು ಇನ್ನೂ ಸಾವಿರ ಮೀಟರ್ ಮೇಲೆ! ನಡುರಾತ್ರಿ ಯಾರಿಗಾದರೂ ಉಸಿರು ಸಿಗದಿದ್ದರೆ ಇದು ಎಂಥ ಪೇಚು ಅಂತ ಯೋಚಿಸಿ. ಲೇಹ್‌ನ ಎರಡು ದಿನವನ್ನು ಉಳಿಸಲು ಹೋಗಬೇಡಿ ಎಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ. ದುರ್ಬುಕ್‌ನಿಂದ ಶ್ಯೋಕ್ ನದಿ ಪಕ್ಕದಲ್ಲೇ ನುಬ್ರಾ ಕಣಿವೆ ಕಡೆ ಹೋಗುವ ಇನ್ನೊಂದು ದಾರಿ ಇದೆ. ಅದರಲ್ಲಿ ದೊಡ್ಡ ಘಾಟಿ ಇಲ್ಲ, ಆದರೆ ನೀರು ನುಗ್ಗಿದಾಗ ಕೆಡುತ್ತದೆ. ಸ್ಥಿತಿ ಹೇಗಿದೆ ಎಂದು ಡ್ರೈವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಸಣ್ಣ ತಲೆನೋವು ಬಂದರೆ ಹೆದರಬೇಡಿ, ಆದರೆ ಇನ್ನೂ ಮೇಲಕ್ಕೆ ಹೋಗಬೇಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಕುಡಿದವರ ಹಾಗೆ ತೂರಾಡುವುದು, ಮಾತು ತೊದಲುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆಮ್ಲಜನಕ ಕೊಡಿಸಿ, ಹೊರಡಿ. ಕ್ಯಾಂಪ್ ಬುಕ್ ಮಾಡುವಾಗಲೇ ಸಿಲಿಂಡರ್ ಇದೆಯಾ ಎಂದು ಕೇಳಿ. ಬಾತ್‌ರೂಮಿನಲ್ಲಿ ಬಿಸಿನೀರು ಬರುತ್ತಾ ಅಂತ ವಿಚಾರಿಸುವವರು ಇದನ್ನು ಕೇಳುವುದೇ ಇಲ್ಲ.

ಸರೋವರದ ದಡದಲ್ಲಿ

ಬಹಳ ಜನ ಲುಕುಂಗ್‌ನಲ್ಲಿ '3 ಈಡಿಯಟ್ಸ್' ಸಿನಿಮಾದಲ್ಲಿದ್ದಂಥ ಹಳದಿ ಸ್ಕೂಟರ್ ಮೇಲೆ ಕೂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಒಂದೇ ದಿನದಲ್ಲಿ ಹತ್ತು ಗಂಟೆ ಗಾಡಿಯಲ್ಲಿ ಕೂರುವುದು ನನಗಂತೂ ಬೇಡ. ಸ್ಪಾಂಗ್ಮಿಕ್‌ನಲ್ಲಿ ಕ್ಯಾಂಪುಗಳ ಗಲಾಟೆ. ಇನ್ನೂ ಮುಂದೆ ಮಾನ್, ಮೆರಾಕ್ ಊರುಗಳಲ್ಲಿ ಹೋಮ್‌ಸ್ಟೇ ಸಿಗುತ್ತವೆ. ಮೆರಾಕ್‌ನಲ್ಲಿ ನಾವಿದ್ದ ಮನೆಯ ಅಜ್ಜಿಗೆ 'ಜುಲೆ' ಎಂದೆ. ನಮಸ್ಕಾರಕ್ಕೂ ಥ್ಯಾಂಕ್ಸ್‌ಗೂ ಅಲ್ಲಿ ಅದೊಂದೇ ಮಾತು. ಅಜ್ಜಿ ಉಪ್ಪು-ಬೆಣ್ಣೆಯ ಚಹಾ ತಂದಿಟ್ಟರು. ಚಹಾ ಅಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ. ತೆಳು ಸಾರು ಅಂದುಕೊಂಡು ಕುಡಿಯಿರಿ, ಚೆನ್ನಾಗಿರುತ್ತದೆ.

ಅಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಗ ಬೇಯುವುದಿಲ್ಲ. ಊಟ ತಡವಾದರೆ ಬೈಯಬೇಡಿ. ಚಟ್ನಿಪುಡಿ ಒಯ್ದಿದ್ದರೆ ಅವತ್ತು ಅದರ ಬೆಲೆ ಗೊತ್ತಾಗುತ್ತದೆ.

ಬೇಸಿಗೆಯಲ್ಲೂ ರಾತ್ರಿ ಚಳಿ ಕೊರೆಯುತ್ತದೆ. ದಪ್ಪದ ಒಂದೇ ಜಾಕೆಟ್‌ಗಿಂತ ತೆಳುವಿನ ಮೂರು ಪದರ ಮೇಲು. ಮಂಕಿ ಟೋಪಿ ಹಾಕಲು ನಾಚಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಮಲಗುವಾಗ ಹೊದಿಕೆಯೊಳಗೇ ಇಟ್ಟುಕೊಳ್ಳಿ. ಹಗಲಲ್ಲಿ ಇದರ ಉಲ್ಟಾ: ಗಾಳಿ ತಣ್ಣಗಿದ್ದರೂ ಬಿಸಿಲು ಚರ್ಮ ಸುಡುತ್ತದೆ. ಸನ್‌ಸ್ಕ್ರೀನ್, ಕಪ್ಪು ಕನ್ನಡಕ, ತುಟಿಗೆ ಹಚ್ಚಲು ಏನಾದರೂ ಬೇಕೇಬೇಕು.

ರಾತ್ರಿ ಐದು ನಿಮಿಷವಾದರೂ ಹೊರಗೆ ಬನ್ನಿ. ಚಂದ್ರ ಇಲ್ಲದ ದಿನ ಆಕಾಶಗಂಗೆ ಬರಿಗಣ್ಣಿಗೇ ಕಾಣುತ್ತದೆ. ಲಡಾಖಿನ ಹಾನ್ಲೆಯಲ್ಲಿ ದುರ್ಬೀನು ಕೂರಿಸಿರುವುದೂ ಇಂಥ ಆಕಾಶಕ್ಕಾಗಿಯೇ. ಅಲ್ಲಿನ 2 ಮೀಟರ್ ದುರ್ಬೀನನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಅವರಿಗೆ ತಲೆನೋವಿನ ಕಾಟವೇ ಇಲ್ಲ!

ಗಾಡಿಯನ್ನು ನೀರಿಗೆ ಇಳಿಸಬೇಡಿ, ದಂಡ ಬೀಳುತ್ತದೆ. ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳು, ಕಡಲಕ್ಕಿಗಳು ಇರುತ್ತವೆ. ಬಿಸ್ಕತ್ತು ಎಸೆಯಬೇಡಿ. ಪ್ಲಾಸ್ಟಿಕ್ ಬಾಟಲಿ ನಿಮ್ಮ ಜೊತೆಯೇ ಲೇಹ್‌ಗೆ ವಾಪಸ್ ಬರಲಿ.

ಬೆಳಿಗ್ಗೆ ಬೇಗ ಏಳಿ. ಗಾಳಿ ಏಳುವ ಮುಂಚೆ ನೀರು ಕನ್ನಡಿಯಂತಿರುತ್ತದೆ. ಸೂರ್ಯ ಮೇಲೇರಿದ ಹಾಗೆ ಬೂದು ಹೋಗಿ ಹಸಿರು, ಆಮೇಲೆ ಕಡುನೀಲಿ. ಅದನ್ನು ನೋಡಿ, ತಿಂಡಿ ತಿಂದು, ಒಂಬತ್ತರೊಳಗೆ ಗಾಡಿ ಹತ್ತಿ. ಮಧ್ಯಾಹ್ನದ ಬಿಸಿಲಿಗೆ ಮಂಜು ಕರಗಿ ರಸ್ತೆಗೆ ಅಡ್ಡವಾಗಿ ಹರಿಯುವ ಹಳ್ಳಗಳು ತುಂಬುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಆಗ ಮೊಣಕಾಲಿಗೆ ಬಂದಿರುತ್ತದೆ.