ಹಿತ್ತಲ ಚಪ್ಪರದಲ್ಲಿ ಮಡಹಾಗಲ ಬೆಳೆಯುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಡಹಾಗಲವನ್ನು ಹಿತ್ತಲಲ್ಲಿ ನೆಟ್ಟವರ ದೂರು ಸಾಮಾನ್ಯವಾಗಿ ಒಂದೇ: ಬಳ್ಳಿ ಚಪ್ಪರದ ತುಂಬ ಹಬ್ಬುತ್ತದೆ, ಹಳದಿ ಹೂವೂ ಬಿಡುತ್ತದೆ, ಆದರೆ ಕಾಯಿ ಕಚ್ಚುವುದಿಲ್ಲ. ಇದಕ್ಕೆ ಗೊಬ್ಬರದ ಕೊರತೆ ಕಾರಣವಲ್ಲ. ಹಾಗಲ, ಹೀರೆಗಳ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಬಿಡುತ್ತವೆ; ಮಡಹಾಗಲದಲ್ಲಾದರೋ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ.

ಆದ್ದರಿಂದ ಬೀಜ ಬಿತ್ತುವುದಕ್ಕಿಂತ ಗಡ್ಡೆ ನೆಡುವುದು ಲೇಸು. ಬೀಜ ಮೊಳೆಯಲು ತಿಂಗಳುಗಟ್ಟಲೆ ಸತಾಯಿಸುತ್ತದೆ, ಮೊಳೆತ ಬಳ್ಳಿ ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೆ ತಿಳಿಯುವುದಿಲ್ಲ. ಹಿಂದಿನ ವರ್ಷ ಕಾಯಿ ಕೊಟ್ಟ ಬಳ್ಳಿಯ ಗಡ್ಡೆಗಳನ್ನು ಕೇಳಿ ತರಬೇಕು, ಜೊತೆಗೆ ಗಂಡು ಬಳ್ಳಿಯದೊಂದು ಗಡ್ಡೆಯೂ ಬೇಕು. ಎಂಟು ಹತ್ತು ಹೆಣ್ಣು ಬಳ್ಳಿಗಳಿಗೆ ಒಂದು ಗಂಡು ಬಳ್ಳಿ ಸಾಕಾಗುತ್ತದೆ.

ಮೇ ಕೊನೆಯಲ್ಲಿ, ರೋಹಿಣಿ ಮಳೆ ಬಿದ್ದು ನೆಲ ಹದವಾದಾಗ, ಸುಮಾರು ಆರು ಅಡಿಗೊಂದರಂತೆ ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಎತ್ತರವಾಗಿ ದಿಬ್ಬ ಮಾಡಬೇಕು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ನೀರು ನಿಂತರೆ ಗಡ್ಡೆ ಕೊಳೆತುಹೋಗುವುದರಿಂದ ಮಲೆನಾಡಿನಲ್ಲಿ ಈ ದಿಬ್ಬವನ್ನು ಬಿಡುವಂತಿಲ್ಲ. ಮೊಳಕೆಯ ಭಾಗ ಮೇಲಿರುವಂತೆ ಗಡ್ಡೆಯನ್ನಿಟ್ಟು ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಗಂಡು ಗಡ್ಡೆಯನ್ನು ಮನೆಯ ಮಾಡಿನ ಅಂಚಿಗೆ ಹಬ್ಬುವಂತೆ ನೆಟ್ಟರೆ ಹೂಗಳು ಮಳೆಯಲ್ಲಿ ಅಷ್ಟಾಗಿ ನೆನೆಯುವುದಿಲ್ಲ.

ಚಪ್ಪರಕ್ಕೆ ಅಡಿಕೆ ದಬ್ಬೆಯೇ ಧಾರಾಳವಾಯಿತು. ಕೈಗೆಟುಕುವ ಎತ್ತರ ಮೀರಬಾರದು, ಏಕೆಂದರೆ ಮುಖ್ಯ ಕೆಲಸ ಅಲ್ಲೇ ಇದೆ. ತೋಟದಲ್ಲಿ ದುಂಬಿ, ಜೇನು ಇದ್ದರೂ ಮಡಹಾಗಲದ ಪರಾಗಸ್ಪರ್ಶವನ್ನು ಅವುಗಳಿಗೇ ಬಿಟ್ಟು ಕೂರುವುದು ಜಾಣತನವಲ್ಲ. ದಳಗಳ ಹಿಂದೆ ಮೆತ್ತನೆ ಮುಳ್ಳಿನ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು ಹೂ. ತೊಟ್ಟಿನಲ್ಲಿ ಟೊಪ್ಪಿಗೆಯಂಥ ಎಲೆ ಮಾತ್ರ ಇದ್ದರೆ ಗಂಡು. ಮನೆಗಳಲ್ಲಿ ಬೆಳೆಸುವ ದೊಡ್ಡ ಕಾಯಿಯ ಜಾತಿ ಬೆಳಗಿನ ಜಾವ ಅರಳುತ್ತದೆ, ಕಾಡಿನ ಸಣ್ಣ ಕಾಯಿಯದು ಸಂಜೆಗೆ. ಆಗ ತಾನೇ ಅರಳಿದ ಗಂಡು ಹೂವನ್ನು ಕೊಯ್ದು, ದಳಗಳನ್ನು ಹಿಂದಕ್ಕೆ ಮಡಚಿ, ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಅಂಟುವ ತುದಿಗೆ, ಮೃದುವಾಗಿ ಸವರಬೇಕು; ಒಂದು ಗಂಡು ಹೂವಿನಿಂದ ಹಲವು ಹೆಣ್ಣು ಹೂಗಳಿಗೆ ಸವರಬಹುದು. ಹೂ ಬಿಡುವಷ್ಟು ಕಾಲವೂ ಇದು ದಿನನಿತ್ಯದ ಕೆಲಸ. ಬೇಸರವೆನಿಸುವವರು ತೊಂಡೆ ಬೆಳೆಯುವುದೇ ಒಳ್ಳೆಯದು.

ಕಚ್ಚಿದ ಕಾಯಿ ಸುಮಾರು ಎರಡು ವಾರದಲ್ಲಿ ಪಲ್ಯಕ್ಕೆ ಬರುತ್ತದೆ. ಹಸಿರಾಗಿರುವಾಗಲೇ, ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಹಣ್ಣುನೊಣ ಚುಚ್ಚಿದ ಕಾಯಿಗಳನ್ನು ಬುಡದಲ್ಲಿ ಬಿಡದೆ ಆಳವಾಗಿ ಹೂಳಬೇಕು, ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟಬಹುದು.

ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿದರೆ ಸತ್ತಿತೆಂದು ಅಗೆಯಬಾರದು, ಗಡ್ಡೆ ನೆಲದೊಳಗೆ ಜೀವಂತವಾಗಿರುತ್ತದೆ. ಬಳ್ಳಿ ಒಣಗುವ ಮೊದಲೇ ಗಂಡು, ಹೆಣ್ಣು ಬುಡಗಳಿಗೆ ಬೇರೆ ಬೇರೆ ಗುರುತಿನ ಗೂಟ ಹೊಡೆದು, ದರಗು (ಒಣಗಿದ ತರಗೆಲೆ) ಹೊದಿಸಿ, ನೀರು ಹಾಯಿಸದೆ ಬಿಡಬೇಕು. ಕಾಡಂಚಿನ ಮನೆಗಳಲ್ಲಿ ಹಂದಿ, ಮುಳ್ಳುಹಂದಿಗಳ ಕಾಟಕ್ಕೆ ಮೇಲೆ ಮುಳ್ಳು ಹೇರುವುದು ಒಳ್ಳೆಯದು. ಒಂದೆರಡು ವರ್ಷಗಳಲ್ಲಿ ಗಡ್ಡೆ ದಪ್ಪವಾದಾಗ, ಮುಂದಿನ ಮಳೆಗೆ ಮೊದಲು ಅಗೆದು, ಪ್ರತಿ ಹೋಳಿನಲ್ಲೂ ಮೊಳಕೆ ಇರುವಂತೆ ಕತ್ತರಿಸಿ, ಕೊಯ್ದ ಜಾಗಕ್ಕೆ ಒಲೆಯ ಬೂದಿ ಸವರಿ, ನೆರಳಿನಲ್ಲಿ ಆರಿಸಿ ನೆಡಬಹುದು.