ಡಿಜೆ ಮಿಕ್ಸ್ ರೆಕಾರ್ಡ್ ಮಾಡಬೇಕೇ? ಪಿನ್ ಕೂತರೆ ಸಾಲದು

ಎರಡು ಗಂಟೆ ಮೈಮರೆತು ಮಿಕ್ಸ್ ಮಾಡಿ, ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದರೆ ಬರೀ ಗರಗರ. ಇಲ್ಲವೇ ಎಡ-ಬಲ ಎರಡೂ ಕಲಸಿಹೋಗಿ ಹಾಡು ಚಪ್ಪಟೆ. ಹೊಸದಾಗಿ ಮಿಕ್ಸರ್ ತಂದವರ ಮನೆಯಲ್ಲಿ ಈ ಗೋಳು ಸಾಮಾನ್ಯ. ಬೈಸಿಕೊಳ್ಳುವುದು ಮಾತ್ರ ಪಾಪದ ಸಾಫ್ಟ್‌ವೇರ್. ನಾನು ನೋಡಿದ ಮಟ್ಟಿಗೆ ಎಡವಟ್ಟಾಗುವುದು ಎರಡೇ ಕಡೆ: ಮಿಕ್ಸರ್‌ನಿಂದ ಬಂದ ವೈರನ್ನು ಕಂಪ್ಯೂಟರ್‌ನ ಯಾವ ತೂತಿಗೆ ಚುಚ್ಚಿದ್ದೀರಿ, ಸೌಂಡನ್ನು ಎಷ್ಟು ಜೋರಾಗಿ ಕಳಿಸುತ್ತಿದ್ದೀರಿ. ಉಳಿದದ್ದೆಲ್ಲ ಸುಲಭ.

ಮೊದಲು ಮಿಕ್ಸರ್‌ನ ಬೆನ್ನು ನೋಡಿ

ಯುಎಸ್‌ಬಿ ಪೋರ್ಟ್ ಇದ್ದು, ಮಿಕ್ಸರ್ ಒಳಗೇ ಸೌಂಡ್ ಕಾರ್ಡ್ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಒಂದು ಯುಎಸ್‌ಬಿ ಕೇಬಲ್ ಸಾಕು. ಬೇಕಾದರೆ ಕಂಪನಿಯ ಡ್ರೈವರ್ ಹಾಕಿಕೊಳ್ಳಿ. ಆದರೆ ಪೋರ್ಟ್ ಕಂಡಾಕ್ಷಣ ಖುಷಿಪಡಬೇಡಿ. ಕೆಲವು ಮಿಕ್ಸರ್‌ಗಳಲ್ಲಿ ಅದು ಮಿಡಿ ಸಿಗ್ನಲ್‌ಗೋ (ಗುಂಡಿ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಸಂಕೇತ) ಅಪ್‌ಡೇಟ್‌ಗೋ ಮಾತ್ರ ಇರುತ್ತದೆ, ಅದರಲ್ಲಿ ಸೌಂಡ್ ಬರುವುದಿಲ್ಲ. ಮ್ಯಾನುವಲ್ ನೋಡಿ. ಪಯೋನೀರ್ ಡಿಜೆಎಂ-900 ನೆಕ್ಸಸ್‌ನಂಥ ಮಿಕ್ಸರ್‌ಗಳಲ್ಲಿ ಯುಎಸ್‌ಬಿ ಮೂಲಕ ಏನು ಹೋಗಬೇಕೆಂದು ಕಂಪ್ಯೂಟರ್‌ನಲ್ಲಿ ತೆರೆಯುವ ಸೆಟ್ಟಿಂಗ್ ಯುಟಿಲಿಟಿಯಲ್ಲಿ ಆರಿಸಬೇಕು. ಅಲ್ಲಿ 'ರೆಕ್ ಔಟ್', ಅಂದರೆ ರೆಕಾರ್ಡಿಂಗ್‌ಗೆಂದೇ ಇರುವ ಪೂರ್ತಿ ಮಿಕ್ಸ್, ಹಾಕದಿದ್ದರೆ ಮಿಕ್ಸ್ ಬದಲು ಯಾವುದೋ ಒಂದೇ ಚಾನೆಲ್ ರೆಕಾರ್ಡ್ ಆಗಿರುತ್ತದೆ.

ಯುಎಸ್‌ಬಿ ಇಲ್ಲವೇ? ಹಿಂದೆ ಕೆಂಪು-ಬಿಳಿ ಆರ್‌ಸಿಎ ತೂತಿನ ಜೋಡಿಗಳಲ್ಲಿ 'ರೆಕ್ ಔಟ್' ಎಂದು ಬರೆದಿರುವುದನ್ನು ಹುಡುಕಿ. ರೂಮಿನ ಸ್ಪೀಕರ್‌ಗೆ ಹೋಗುವ ಮಾಸ್ಟರ್ ಔಟ್ ಬೇಡ, ಇದೇ ಯಾಕೆ? ಸಾಮಾನ್ಯವಾಗಿ ಮಾಸ್ಟರ್ ವಾಲ್ಯೂಮ್ ತಿರುಗಿಸಿದರೂ ರೆಕ್ ಔಟ್ ಬದಲಾಗುವುದಿಲ್ಲ. ನಡುವೆ ಯಾರೋ ಬಂದು 'ಸ್ವಲ್ಪ ಕಮ್ಮಿ ಮಾಡಿ' ಅಂದಾಗ ರೂಮಿನ ಸೌಂಡ್ ಇಳಿಯುತ್ತದೆ, ರೆಕಾರ್ಡಿಂಗ್ ಹಾಗೇ ಇರುತ್ತದೆ. ರೆಕ್ ಔಟ್ ಇಲ್ಲದಿದ್ದರೆ ಬೂತ್ ಔಟ್ (ಡಿಜೆ ಪಕ್ಕದ ಸ್ಪೀಕರ್‌ಗೆ ಹೋಗುವುದು) ಬಳಸಿ, ಅದಕ್ಕೆ ಬೇರೆ ನಾಬ್ ಇರುತ್ತದೆ. ಹೆಡ್‌ಫೋನ್ ಔಟ್ ಮಾತ್ರ ಖಂಡಿತ ಬೇಡ. ಮುಂದಿನ ಹಾಡನ್ನು ನೀವು ಕ್ಯೂ ಮಾಡಿ, ಅಂದರೆ ಹೆಡ್‌ಫೋನ್‌ನಲ್ಲಿ ಮೊದಲೇ ಹಾಕಿ, ಕೇಳಿದ್ದೆಲ್ಲ ರೆಕಾರ್ಡಿಂಗ್‌ಗೆ ಬಂದು ಕೂರುತ್ತದೆ.

ಎಲ್ಲರೂ ಎಡವುವುದು ಇಲ್ಲೇ

ಲ್ಯಾಪ್‌ಟಾಪ್ ಪಕ್ಕದಲ್ಲಿ 3.5 ಎಂಎಂ ತೂತು ಇದೆ. ಅಂಗಡಿಯಲ್ಲಿ ಆರ್‌ಸಿಎಯಿಂದ 3.5 ಎಂಎಂಗೆ ಬದಲಾಯಿಸುವ ಕೇಬಲ್ಲೂ ಸಿಗುತ್ತದೆ. ಪಿನ್ ನೀಟಾಗಿ ಕೂರುತ್ತದೆ. ಇನ್ನೇನು ಬೇಕು, ಅಲ್ವಾ? ಬೇಕು.

ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತು ಹೆಡ್‌ಸೆಟ್‌ಗೆಂದು ಮಾಡಿದ್ದು. ಹೆಡ್‌ಸೆಟ್ ಪಿನ್‌ನಲ್ಲಿ ನಾಲ್ಕು ಪಟ್ಟಿ ಇರುತ್ತವೆ. ಎರಡು ಕಿವಿಗೆ, ಒಂದು ಮೈಕಿಗೆ, ಒಂದು ಅರ್ತ್‌ಗೆ. ಅಂದರೆ ಒಳಗೆ ಬರಲು ಇರುವುದು ಮೈಕಿನ ಒಂದೇ ದಾರಿ, ಅದೂ ಮೋನೋ, ಎಡ-ಬಲ ಬೇರೆ ಇಲ್ಲದ್ದು. ಮೂರು ಪಟ್ಟಿಯ ಸ್ಟೀರಿಯೊ ಪಿನ್ ಚುಚ್ಚಿದರೆ ಎಷ್ಟೋ ಸಲ ಏನೂ ರೆಕಾರ್ಡ್ ಆಗುವುದಿಲ್ಲ. ಕಂಪ್ಯೂಟರ್ ಅದನ್ನು ಇಯರ್‌ಫೋನ್ ಎಂದೇ ತಿಳಿಯುತ್ತದೆ.

ಇನ್ನು ಜೋರಿನ ವಿಷಯ. ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದನ್ನು ಹಿಗ್ಗಿಸಲೆಂದೇ ಮೈಕ್ ತೂತಿನ ಹಿಂದೆ ಒಂದು ಪ್ರೀಆಂಪ್ ಇರುತ್ತದೆ. ಮಿಕ್ಸರ್‌ನ ರೆಕ್ ಔಟ್ ಕಳಿಸುವುದು ಲೈನ್ ಲೆವೆಲ್, ಸುಮಾರು 300 ಮಿಲಿವೋಲ್ಟ್. ಬೀಟ್ ಬಿದ್ದಾಗ ಅದಕ್ಕಿಂತ ಜಾಸ್ತಿ. ಇದನ್ನು ಮೈಕ್ ಪ್ರೀಆಂಪ್‌ಗೆ ಕೊಟ್ಟರೆ ಅದು ಮೊದಲ ಡ್ರಮ್ಮಿಗೇ ಒಡೆದುಹೋಗುತ್ತದೆ. ಆಗ ಎಲ್ಲರೂ ಮಾಡುವುದೇನೆಂದರೆ ಕಂಪ್ಯೂಟರ್‌ನಲ್ಲಿ ಇನ್‌ಪುಟ್ ವಾಲ್ಯೂಮ್ ಹತ್ತಕ್ಕೆ ಇಳಿಸುವುದು. ಮೀಟರ್ ಕೆಂಪಾಗುವುದು ನಿಲ್ಲುತ್ತದೆ, ಗರಗರ ನಿಲ್ಲುವುದಿಲ್ಲ. ಸೌಂಡ್ ಆಗಲೇ ಒಡೆದು ಆಗಿದೆ. ಹರಿದ ಬಟ್ಟೆಯನ್ನು ಮಡಚಿಟ್ಟರೆ ಹರಿದದ್ದು ಹೋಗುತ್ತದೆಯೇ? ಅಂಥ ರೆಕಾರ್ಡಿಂಗನ್ನು ಝೂಮ್ ಮಾಡಿ ನೋಡಿ. ಅಲೆಗಳ ಎತ್ತರ ಪರದೆಯ ಅರ್ಧಕ್ಕೂ ಬಂದಿರುವುದಿಲ್ಲ, ಆದರೂ ಪ್ರತಿ ಅಲೆಯ ತಲೆ ಸ್ಕೇಲಿಟ್ಟು ಕತ್ತರಿಸಿದ ಹಾಗೆ ಸಪಾಟಾಗಿರುತ್ತದೆ. ಹಾಗೆ ಕಂಡರೆ ವೈರು ತಪ್ಪು ತೂತಿನಲ್ಲಿದೆ ಎಂದೇ ಲೆಕ್ಕ.

ಡೆಸ್ಕ್‌ಟಾಪ್ ಆದರೆ ಹಿಂದೆ ತಿಳಿ ನೀಲಿ ಬಣ್ಣದ ಲೈನ್ ಇನ್ ಇರಬಹುದು. ಅದಕ್ಕೆ ಚುಚ್ಚಿ, ಗುಲಾಬಿ ಬಣ್ಣದ್ದು ಮೈಕ್. ಲ್ಯಾಪ್‌ಟಾಪ್ ಆದರೆ ತಲೆ ಕೆಡಿಸಿಕೊಳ್ಳದೆ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಹೊರಗಿಂದ ಜೋಡಿಸುವ ಸೌಂಡ್ ಕಾರ್ಡ್, ತೆಗೆದುಕೊಳ್ಳಿ. ಬೆಹ್ರಿಂಗರ್ ಯುಸಿಎ222ದಂಥ ಪುಟ್ಟ ಡಬ್ಬಿಯಲ್ಲಿ ಆರ್‌ಸಿಎ ಇನ್‌ಪುಟ್ಟೇ ಇರುತ್ತದೆ. 16 ಬಿಟ್‌ಗೆ ನಿಲ್ಲುತ್ತದೆ, ಮಿಕ್ಸ್ ಹಿಡಿದಿಡಲು ಅಷ್ಟು ಸಾಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು ಇದ್ದರೆ ಆರ್‌ಸಿಎಯಿಂದ ಎರಡು 6.35 ಎಂಎಂ ಪಿನ್‌ಗೆ ಹೋಗುವ ಕೇಬಲ್ ಬೇಕು. ಅದರಲ್ಲಿ 'ಇನ್‌ಸ್ಟ್' ಆಫ್ ಇರಲಿ, 48 ವೋಲ್ಟ್ ಬಟನ್ ಕೂಡ ಆಫ್ ಇರಲಿ.

ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಗುಲಾಬಿ ಒಂದು ಹಸಿರು ತೂತು ಇರುವುದು, ಅದನ್ನು ಮಾತ್ರ ಕೊಳ್ಳಬೇಡಿ. ಅದರ ಇನ್‌ಪುಟ್ ಮತ್ತದೇ ಮೋನೋ ಮೈಕ್. ಸಾಫ್ಟ್‌ವೇರ್‌ನಲ್ಲಿ ಸುಮ್ನೆ ಎರಡು ಚಾನೆಲ್ ತೋರಿಸಿ ಮೋಸ ಮಾಡುತ್ತದೆ. ಪತ್ತೆ ಹಚ್ಚುವುದು ಸುಲಭ: ಹಾಡು ಓಡುತ್ತಿರುವಾಗ ಮಿಕ್ಸರ್ ಬದಿಯಲ್ಲಿ ಕೆಂಪು ಆರ್‌ಸಿಎ ಕಿತ್ತು ನೋಡಿ. ಬಲಗಡೆಯ ಮೀಟರ್ ಮಾತ್ರ ಸತ್ತರೆ ಸ್ಟೀರಿಯೊ ಸರಿಯಾಗಿದೆ. ಎರಡೂ ಒಟ್ಟಿಗೆ ಕುಣಿಯುತ್ತಲೇ ಇದ್ದರೆ ಮೋನೋ.

ಸಾಫ್ಟ್‌ವೇರ್

ಆಡಾಸಿಟಿ ಸಾಕು. ಉಚಿತ. ದುಡ್ಡು ಕೊಟ್ಟು ತರುವ ದೊಡ್ಡ ಸಾಫ್ಟ್‌ವೇರ್ ಈ ಕೆಲಸಕ್ಕೆ ದಂಡ. ರೆಕಾರ್ಡಿಂಗ್ ಡಿವೈಸ್‌ನಲ್ಲಿ ಇಂಟರ್‌ಫೇಸ್ ಅಥವಾ ಮಿಕ್ಸರ್ ಹೆಸರು ಆರಿಸಿ, ಸ್ಟೀರಿಯೊ ಇಡಿ, ರೇಟ್ 44,100 ಹರ್ಟ್ಸ್. ಮೀಟರ್ ಅಲುಗದಿದ್ದರೆ ಕಂಪ್ಯೂಟರ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೈಕ್ರೊಫೋನ್ ಅನುಮತಿ ಇದೆಯಾ ನೋಡಿ. ನೀವು ಬಳಸುತ್ತಿರುವುದು ಲೈನ್ ಇನ್ ಆದರೂ ಕಂಪ್ಯೂಟರ್ ಪಾಲಿಗೆ ಅದು ಮೈಕೇ. ವಿಂಡೋಸ್‌ನಲ್ಲಿ ಆ ಇನ್‌ಪುಟ್‌ನ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಪೂರ್ತಿ ಆಫ್ ಮಾಡಿ. ಮಾತು ಸ್ಪಷ್ಟ ಮಾಡಲು ಇಟ್ಟ ನಾಯ್ಸ್ ಸಪ್ರೆಶನ್‌ಗೆ ನಿಮ್ಮ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಚಿಸ್ ಚಿಸ್ ತಾಳ) ಗಲಾಟೆಯಂತೆಯೇ ಕೇಳುತ್ತದೆ, ಅದನ್ನೂ ಉಜ್ಜಿ ಹಾಕುತ್ತದೆ.

ಲೆವೆಲ್ ಕೂರಿಸುವುದು

ಇಲ್ಲಿ ಆತುರ ಬೇಡ. ಮೊದಲು ಮಿಕ್ಸರ್‌ನಲ್ಲಿ ಪ್ರತಿ ಚಾನೆಲ್‌ನ ಟ್ರಿಮ್ (ಒಳಬರುವ ಸೌಂಡಿನ ಜೋರು ಹೊಂದಿಸುವ ನಾಬ್) ಸರಿ ಮಾಡಿ. ಎಲ್‌ಇಡಿ 0 ಹತ್ತಿರ ಆಡಬೇಕು, ಕೆಂಪು ಮುಟ್ಟಬಾರದು. ಮಿಕ್ಸರ್‌ನಲ್ಲೇ ಒಡೆದ ಸೌಂಡನ್ನು ಮುಂದೆ ಯಾವ ಡಬ್ಬಿಯೂ ಉಳಿಸುವುದಿಲ್ಲ. ಆಮೇಲೆ ಇಂಟರ್‌ಫೇಸ್‌ನಲ್ಲಿ ಇದೇ ಕೆಲಸದ ಗೇನ್ ನಾಬ್ ಇದ್ದರೆ ಅದು.

ಮಿಕ್ಸರ್‌ನ 0 ಬೇರೆ, ಕಂಪ್ಯೂಟರ್‌ನ 0 ಬೇರೆ. ಮಿಕ್ಸರ್‌ನಲ್ಲಿ 0 ದಾಟಿದರೂ ಇನ್ನೂ ಜಾಗ ಇರುತ್ತದೆ. ಕಂಪ್ಯೂಟರ್‌ನಲ್ಲಿ 0 ಡೆಸಿಬೆಲ್ ಎಂದರೆ ಅದೇ ಕೊನೆ. ಹಾಗಾಗಿ ಅಲ್ಲಿ ಅತಿ ಜೋರು ಬಡಿತವೂ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲಲಿ. ಪರೀಕ್ಷೆಗೆ ಒಂದೇ ಹಾಡು ಹಾಕಿದರೆ ಸಾಲದು. ನಿಮ್ಮ ಹತ್ತಿರ ಇರುವ ಎರಡು ಜೋರು ಹಾಡು ಹಾಕಿ, ಎರಡೂ ಫೇಡರ್ ಮೇಲೇರಿಸಿ, ಎರಡರ ಬಾಸೂ ತೆರೆದಿಟ್ಟು ನೋಡಿ. ಟ್ರಾನ್ಸಿಷನ್ ಹೊತ್ತಿಗೆ ಬರುವ ಜೋರು ಅದೇ. 'ಇಷ್ಟು ಕಡಿಮೆ ಇಟ್ಟರೆ ಸೌಂಡ್ ಸಣ್ಣದಾಗಲ್ವಾ' ಎಂದು ಕೇಳುತ್ತಾರೆ. ಆಗಲಿ ಬಿಡಿ. 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಹರವು ಇದೆ. ಸಣ್ಣದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು.

ಗುಂಯ್ ಎನ್ನುತ್ತಿದ್ದರೆ

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಸಾಮಾನುಗಳ ಅರ್ತ್ ಎರಡು ದಾರಿಯಲ್ಲಿ ಸೇರಿ ಆಗುವ ಸದ್ದು. ಎಲ್ಲ ಸಾಮಾನನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಆದರೂ ಹೋಗದಿದ್ದರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಇಲ್ಲವೇ ಆರ್‌ಸಿಎ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಬುದ್ಧಿವಂತರೂ ಇದ್ದಾರೆ. ಶಾಕ್ ಹೊಡೆದೀತು, ಅವರ ಮಾತು ಕೇಳಬೇಡಿ. ಟರ್ನ್‌ಟೇಬಲ್ ಇದ್ದರೆ ಅದರ ತೆಳು ಗ್ರೌಂಡ್ ವೈರು ಮಿಕ್ಸರ್‌ನ 'ಜಿಎನ್‌ಡಿ' ಸ್ಕ್ರೂಗೆ ಬಿಗಿದಿದೆಯಾ ನೋಡಿ.

ರೆಕಾರ್ಡ್ ಒತ್ತುವ ಮುಂಚೆ

ಸ್ಲೀಪ್ ಆಫ್. ವೈಫೈ ಆಫ್. ಇಂಟರ್‌ಫೇಸ್ ನೇರ ಕಂಪ್ಯೂಟರ್‌ಗೇ ಇರಲಿ, ಹಬ್ ಬೇಡ. 16 ಬಿಟ್ ಸ್ಟೀರಿಯೊ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಆಡಾಸಿಟಿ ಒಳಗೆ 32 ಬಿಟ್‌ನಲ್ಲಿ ಬರೆದುಕೊಳ್ಳುವುದರಿಂದ ಅದರ ಎರಡರಷ್ಟು ಜಾಗ ಇರಲಿ. ಐದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿ, ಆಮೇಲೆ ಪೂರ್ತಿ ಸೆಟ್‌ಗೆ ಇಳಿಯಿರಿ. ಶುರುವಾದ ಮೇಲೆ ಗೇನ್ ಮುಟ್ಟಬೇಡಿ.

ಮುಗಿದ ಮೇಲೆ ಹಿಂದೆ ಮುಂದೆ ಖಾಲಿ ಭಾಗ ಕತ್ತರಿಸಿ, ಇಡೀ ರೆಕಾರ್ಡಿಂಗ್‌ನ ಜೋರನ್ನು ಒಟ್ಟಿಗೆ ಏರಿಸುವ ನಾರ್ಮಲೈಸ್‌ನಲ್ಲಿ ಮೈನಸ್ 1 ಡೆಸಿಬೆಲ್ ಕೊಟ್ಟು, ವೇವ್ ಆಗಿ ಉಳಿಸಿಕೊಳ್ಳಿ. ಹಂಚಲು 320 ಕೆಬಿಪಿಎಸ್ ಎಂಪಿ3 ಬೇರೆ ಮಾಡಿ. ನಾಳೆ ಏನಾದರೂ ತಿದ್ದಬೇಕು ಅನಿಸಿದರೆ ವೇವ್ ಫೈಲನ್ನೇ ತೆರೆಯಿರಿ. ಎಂಪಿ3 ತೆರೆದು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಸೌಂಡ್ ಒಂದಿಷ್ಟು ಸವೆಯುತ್ತದೆ, ಮೊದಲು ಕಿವಿಗೆ ಬೀಳುವುದು ಹೈ-ಹ್ಯಾಟ್‌ನಲ್ಲಿ.